ಮರದ ಮನೆಮಾತು: ಶಾನುಭೋಗರ ಡೆಸ್ಕಿನ ಮೇಣ

ಪ್ರಶ್ನೆ: ನಮಸ್ಕಾರ ಅಕ್ಕ. ನಮ್ಮ ಅಜ್ಜ ಶಾನುಭೋಗರಾಗಿದ್ದರು. ಅವರು ನೆಲದ ಮೇಲೆ ಕುಳಿತು ಲೆಕ್ಕ ಬರೆಯುತ್ತಿದ್ದ, ಇಳಿಜಾರು ಮುಚ್ಚಳದ ಬೀಟೆ ಮರದ ಡೆಸ್ಕು ಈಗ ನನ್ನ ಪಾಲಿಗೆ ಬಂದಿದೆ. ಅಜ್ಜಿ ಪ್ರತಿ ದೀಪಾವಳಿಗೆ ಜೇನುಮೇಣವನ್ನು ಟರ್ಪೆಂಟೈನ್‌ನಲ್ಲಿ ಕರಗಿಸಿ ಅದಕ್ಕೆ ತಿಕ್ಕುತ್ತಿದ್ದರಂತೆ. ಅಜ್ಜಿ ಹೋದ ಮೇಲೆ ಅಮ್ಮ ಅಂಗಡಿಯ ಮೇಣದ ಪಾಲಿಶ್ ಹಚ್ಚುತ್ತಾ ಬಂದರು. ಈಗ ಡೆಸ್ಕು ಕಪ್ಪಿಟ್ಟಿದೆ, ಮಳೆಗಾಲದಲ್ಲಿ ಕೈಯಿಟ್ಟರೆ ಅಂಟುತ್ತದೆ, ಕೂತ ಧೂಳು ಒರೆಸಿದರೂ ಹೋಗುವುದಿಲ್ಲ. ಹೊಸ ಪಾಲಿಶ್ ಮಾಡೋಣವೆಂದು ಒಂದು ಮೂಲೆಗೆ ಮೆಷಿನ್‌ನಲ್ಲಿ 120ನೇ ನಂಬರಿನ ಸ್ಯಾಂಡ್‌ಪೇಪರ್ ಹಿಡಿದೆ. ಎರಡೇ ನಿಮಿಷಕ್ಕೆ ಕಾಗದ ಕಟ್ಟಿಕೊಂಡಿತು. ಅದೇ ಜಾಗಕ್ಕೆ ಪಿಯು (ಪಾಲಿಯುರಿಥೇನ್ ವಾರ್ನಿಷ್) ಬಳಿದರೆ ಹನಿಹನಿಯಾಗಿ ಒಟ್ಟುಗೂಡಿತು. ನಾಲ್ಕು ದಿನವಾದರೂ ಸರಿಯಾಗಿ ಒಣಗಿಲ್ಲ, ಉಗುರಿನಿಂದ ಎಳೆದರೆ ಸಿಪ್ಪೆಯಂತೆ ಏಳುತ್ತದೆ. ಮೇಣವನ್ನು ಪೂರ್ತಿ ತೆಗೆಯುವುದು ಹೇಗೆ? ಮುಚ್ಚಳದ ಮೇಲೆ ಹಳೆಯ ಶಾಯಿಯ ಕಲೆಗಳೂ ಇವೆ.
— ತೀರ್ಥಹಳ್ಳಿಯ ಓದುಗರು

ಉತ್ತರ: ನಮಸ್ಕಾರ ತಂಗಿ. ಮೊದಲು ಮೆಷಿನ್‌ನ ಪ್ಲಗ್ ತೆಗೆದು ಅದನ್ನು ಪೆಟ್ಟಿಗೆಗೆ ಸೇರಿಸಿ, ಪಿಯು ಡಬ್ಬವನ್ನೂ ಮುಚ್ಚಿಡಿ. ನೀವು ಒಂದು ಮೂಲೆಗೇ ನಿಲ್ಲಿಸಿದ್ದೀರಿ ಎಂಬುದನ್ನು ಓದಿ ನನಗೆ ಸಮಾಧಾನವಾಯಿತು. ಉಳಿದ ಡೆಸ್ಕಿಗೆ ಏನೂ ಆಗಿಲ್ಲ. ಆ ಮೂಲೆಯನ್ನೂ ಸರಿಪಡಿಸಬಹುದು.

ಮಲೆನಾಡಿನವರಿಗೆ ಕೆಸುವಿನ ಎಲೆಯ ಬಗ್ಗೆ ಹೇಳಬೇಕಾಗಿಲ್ಲ. ಅದರ ಮೇಲೆ ಮಳೆಹನಿ ಮುತ್ತಾಗಿ ಉರುಳುವುದು ಎಲೆಯ ಮೈಮೇಲಿರುವ ಮೇಣದಿಂದಲೇ. ನಿಮ್ಮ ಪಿಯು ಹನಿಗಟ್ಟಿದ್ದೂ ಹಾಗೆಯೇ. ಮೇಣದ ಮೇಲೆ ಯಾವ ವಾರ್ನಿಷ್ಷೂ ಕಚ್ಚಿ ನಿಲ್ಲುವುದಿಲ್ಲ. ಇದರ ಜೊತೆಗೆ ಬೀಟೆ ಮರದೊಳಗೆ ಸಹಜವಾಗಿ ಇರುವ ಎಣ್ಣೆಯಂಥ ಅಂಶವೂ ಪಿಯು ಒಣಗದಂತೆ ತಡೆಯುತ್ತದೆ. ನೀವು ಅರ್ಧಂಬರ್ಧ ಉಜ್ಜಿ ಮರದ ಮೈ ತೆರೆದ ಜಾಗದಲ್ಲಿ ಎರಡು ತೊಂದರೆಯೂ ಒಟ್ಟಿಗೆ ಕೂಡಿಕೊಂಡವು.

ಉಪ್ಪುಕಾಗದ ಮೇಣವನ್ನು ತೆಗೆಯುವುದಿಲ್ಲ. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮೆತ್ತಗಾಗುವುದು ಅದಕ್ಕಿಂತ ಎಷ್ಟೋ ಮುಂಚೆ. ತಿರುಗುವ ಕಾಗದದ ಕೆಳಗೆ ಆ ಬಿಸಿ ಹುಟ್ಟಲು ಹೆಚ್ಚು ಹೊತ್ತು ಬೇಡ. ಆಗ ಸ್ವಲ್ಪ ಮೇಣ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ, ಉಳಿದದ್ದು ಮರದ ಎಳೆಗಳ ಸಂದಿಗೆ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ನನಗೆ ಇದು ಗೊತ್ತಾದದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಮೈಸೂರಿನ ಹಳೆಯ ಮನೆಯೊಂದರಿಂದ ನಮ್ಮ ಅಂಗಡಿಗೆ ಒಂದು ಬೀಟೆ ಮಂಚ ಬಂದಿತ್ತು. ಅಪ್ಪ ಊರಲ್ಲಿರಲಿಲ್ಲ. ಅವರು ಬರುವಷ್ಟರಲ್ಲಿ ಮುಗಿಸಿಬಿಡುತ್ತೇನೆಂದು ಎರಡು ದಿನ ಉಜ್ಜಿ ವಾರ್ನಿಷ್ ಹೊಡೆದೆ. ಮೊದಲ ಮಳೆಗಾಲಕ್ಕೇ ತಲೆಹಲಗೆಯ ವಾರ್ನಿಷ್ ಹಾವಿನ ಪೊರೆಯಂತೆ ಎದ್ದುಬಂತು, ಮಂಚ ಅಂಗಡಿಗೆ ವಾಪಸು ಬಂತು. ಅಪ್ಪ ಬೈಯಲಿಲ್ಲ. ಒಂದು ಬಟ್ಟಲು ಟರ್ಪೆಂಟೈನ್, ಹರಿದ ಪಂಚೆಯ ತುಂಡುಗಳನ್ನು ನನ್ನ ಮುಂದಿಟ್ಟು, ನಾಲ್ಕು ದಿನ ಪಕ್ಕದಲ್ಲೇ ಕುಳಿತು ಕೆಲಸ ಮಾಡಿಸಿದರು. ಮೇಣವೇನೋ ಬಂತು. ಆದರೆ ನಾನು ಉಜ್ಜಿ ಕಳೆದ ಹಳೆಯ ಅರಗಿನ (ಶೆಲ್ಯಾಕ್) ಪಾಲಿಶ್ ಮಾತ್ರ ಆ ಮಂಚಕ್ಕೆ ಮತ್ತೆ ಬರಲಿಲ್ಲ. ಅಷ್ಟು ಚೆಂದದ ಬಣ್ಣವನ್ನು ಈ ಮೂವತ್ತೊಂದು ವರ್ಷಗಳಲ್ಲಿ ಮತ್ತೊಮ್ಮೆ ಸೃಷ್ಟಿಸಲು ನನ್ನಿಂದ ಆಗಿಲ್ಲ. ನಿಮ್ಮ ಡೆಸ್ಕಿನ ಮೇಣದ ಕೆಳಗೂ ಅಂಥದ್ದೊಂದು ಪಾಲಿಶ್ ಇರಬಹುದು, ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಕೈಹಾಕುವ ಮುಂಚೆ ಪರೀಕ್ಷೆ ಮಾಡಿ. ಡೆಸ್ಕಿನ ಹಿಂಬದಿಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಮೇಣವಿದ್ದರೆ ಉಗುರಿನ ಸಂದಿಯಲ್ಲಿ ಮೆತ್ತನೆಯ ಸುರುಳಿ ಸಿಗುತ್ತದೆ, ಪಾಲಿಶ್ ಆದರೆ ಪುಡಿಯಾಗುತ್ತದೆ. ಆಮೇಲೆ ಹತ್ತಿಯನ್ನು ಟರ್ಪೆಂಟೈನ್‌ನಲ್ಲಿ ಅದ್ದಿ ಅಲ್ಲಿಯೇ ಹತ್ತು ಸಲ ತಿಕ್ಕಿ. ಹತ್ತಿ ಕಂದಾಗಿ ಜಿಡ್ಡಾದರೆ ಬಂದದ್ದು ಮೇಣ. ಆ ಜಾಗ ಚೆನ್ನಾಗಿ ಒಣಗಿದ ಮೇಲೆ ಬೇರೊಂದು ಹತ್ತಿಗೆ ಒಂದೇ ಹನಿ ಪಾಲಿಶ್ ಸ್ಪಿರಿಟ್ (ಅರಗು ಕರಗಿಸಲು ಬಳಸುವ ಆಲ್ಕೋಹಾಲ್) ಹಾಕಿ ಮುಟ್ಟಿಸಿ. ಮೈ ಅಂಟಂಟಾದರೆ ಕೆಳಗೆ ಅರಗು ಇದೆ ಎಂದು ತಿಳಿಯಿರಿ. ಮೇಣ ಟರ್ಪೆಂಟೈನ್‌ಗೆ ಕರಗುತ್ತದೆ, ಅರಗು ಕರಗುವುದಿಲ್ಲ. ಅರಗು ಸ್ಪಿರಿಟ್‌ಗೆ ಕರಗುತ್ತದೆ. ನಮ್ಮ ಕೆಲಸವೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆಯೇ.

ಹಾಗಾಗಿ ಪೇಂಟ್ ಅಂಗಡಿಯಲ್ಲಿ ಕೇಳುವಾಗ ಎಚ್ಚರವಿರಲಿ. ನಿಮಗೆ ಬೇಕಾದದ್ದು ಮಿನರಲ್ ಟರ್ಪೆಂಟೈನ್. ‘ಥಿನ್ನರ್’ ಎಂದು ಕೇಳಿದರೆ ಬೇರೆಯದೇ ಕೊಡುತ್ತಾರೆ. ಅದು ಮೇಣದ ಜೊತೆ ಕೆಳಗಿನ ಪಾಲಿಶನ್ನೂ ಎತ್ತಿಬಿಡುತ್ತದೆ. ಸ್ಪಿರಿಟ್ ಅನ್ನು ಬೀಟೆಯ ಮೇಲೆ ಧಾರಾಳವಾಗಿ ಸುರಿದರೆ ಮರದ ನೇರಳೆಗಂದು ಬಣ್ಣವೇ ಬಿಟ್ಟುಕೊಳ್ಳುತ್ತದೆ, ಪಕ್ಕದಲ್ಲಿ ತಿಳಿ ಬಣ್ಣದ ಕೆತ್ತನೆಯ ತುಂಡೇನಾದರೂ ಇದ್ದರೆ ಅದಕ್ಕೂ ಹರಡುತ್ತದೆ. ಸೀಮೆಎಣ್ಣೆಗೂ ಮೇಣ ಕರಗುತ್ತದೆ ನಿಜ. ಆದರೆ ಅದು ತನ್ನದೇ ಜಿಡ್ಡನ್ನು ಮರದಲ್ಲಿ ಬಿಟ್ಟು ಹೋಗುತ್ತದೆ, ವಾರಗಟ್ಟಲೆ ವಾಸನೆ ಹೋಗುವುದಿಲ್ಲ. ಪೆಟ್ರೋಲ್ ಮಾತ್ರ ಮನೆಯೊಳಗೆ ತರಲೇಬೇಡಿ.

ಒಂದು ಲೀಟರ್ ಟರ್ಪೆಂಟೈನ್ ನಿಮ್ಮ ಡೆಸ್ಕಿಗೆ ಸಾಕು. ಜೊತೆಗೆ ಹಳೆಯ ಬಿಳಿ ಪಂಚೆ ಅಥವಾ ಬನಿಯನ್ ಬಟ್ಟೆ ಬೇಕು, ಬಿಳಿಯದೇ ಆಗಿರಲಿ. ನಾಲ್ಕು ಸೊನ್ನೆಯ ನಂಬರಿನ ಅತಿ ನಯವಾದ ಸ್ಟೀಲ್ ವೂಲ್, ಹಳೆಯ ಹಲ್ಲುಜ್ಜುವ ಬ್ರಷ್, ತುದಿ ಚೂಪು ಮಾಡಿದ ಬಿದಿರಿನ ಕಡ್ಡಿ, ರಬ್ಬರ್ ಕೈಗವಸು ಇಟ್ಟುಕೊಳ್ಳಿ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಬೇಡ, ಅದು ಅರಗಿನ ಮೇಲೆ ಗೀರು ಬೀಳಿಸುತ್ತದೆ.

ಡೆಸ್ಕನ್ನು ಜಗುಲಿಗೆ ತಂದು ಗಾಳಿಯಾಡುವ ಕಡೆ ಇಡಿ, ಬಿಸಿಲಿಗೆ ಇಡಬೇಡಿ. ಸಮೀಪದಲ್ಲಿ ಒಲೆಯಾಗಲಿ ದೇವರ ದೀಪವಾಗಲಿ ಉರಿಯುತ್ತಿರಬಾರದು. ಒಂದು ಗೇಣು ಉದ್ದ, ಒಂದು ಗೇಣು ಅಗಲದ ಜಾಗವನ್ನಷ್ಟೇ ಕೈಗೆತ್ತಿಕೊಳ್ಳಿ. ಬಟ್ಟೆಯಿಂದ ಟರ್ಪೆಂಟೈನ್ ಸವರಿ, ಮೈ ಒದ್ದೆಯಾಗಿಯೇ ಇರುವಂತೆ ನೋಡಿಕೊಂಡು ಎರಡು ಮೂರು ನಿಮಿಷ ಕಾಯಿರಿ. ಗಟ್ಟಿ ಮೇಣ ಮಬ್ಬಾಗಿ, ಸಾರಿನ ಮೇಲೆ ಹೆಪ್ಪುಗಟ್ಟಿದ ತುಪ್ಪದಂತೆ ಕಾಣತೊಡಗುತ್ತದೆ. ಆಗ ಸ್ಟೀಲ್ ವೂಲ್‌ನಿಂದ ಮರದ ಎಳೆಯ ದಿಕ್ಕಿನಲ್ಲಿ, ಮಗುವಿನ ಬೆನ್ನು ಉಜ್ಜುವಷ್ಟು ಭಾರ ಹಾಕಿ ತಿಕ್ಕಿ. ಅಡ್ಡಡ್ಡ ತಿಕ್ಕಬೇಡಿ. ಕೂಡಲೇ, ಒಣಗಲು ಬಿಡದೆ, ಒಣಬಟ್ಟೆಯಿಂದ ಒರೆಸಿ ತೆಗೆಯಿರಿ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಟರ್ಪೆಂಟೈನ್ ಮೇಣವನ್ನು ಕರಗಿಸುತ್ತದೆಯೇ ಹೊರತು ಮಾಯ ಮಾಡುವುದಿಲ್ಲ. ಅದು ಆರಿಹೋದರೆ ಕರಗಿದ ಮೇಣ ಇದ್ದಲ್ಲೇ ಮತ್ತೆ ಕೂರುತ್ತದೆ, ಅದೂ ತೆಳ್ಳಗೆ ಎಲ್ಲ ಕಡೆ ಹರಡಿಕೊಂಡು. ಹಾಗಾಗಿ ಒರೆಸುವ ಬಟ್ಟೆಯನ್ನು ಪ್ರತಿ ಸಲವೂ ಮಡಿಕೆ ಬದಲಾಯಿಸಿ ಹೊಸ ಮುಖದಿಂದ ಒರೆಸಿ. ಕೊಳೆಯಾದ ಬಟ್ಟೆಯನ್ನು ಟರ್ಪೆಂಟೈನ್ ಬಟ್ಟಲಿಗೆ ಮತ್ತೆ ಅದ್ದಬೇಡಿ. ಬಟ್ಟಲಿನಿಂದ ಬಟ್ಟೆಗೆ ಸ್ವಲ್ಪ ಸ್ವಲ್ಪ ಸುರಿದುಕೊಳ್ಳಿ.

ಮೊದಲ ಸಲ ಬಟ್ಟೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ನಲವತ್ತು ಐವತ್ತು ವರ್ಷಗಳ ಧೂಳು, ಒಲೆಯ ಹೊಗೆ, ಕೈಬೆವರು ಎಲ್ಲವೂ ಆ ಮೇಣದಲ್ಲಿ ಕೂತಿರುತ್ತವೆ. ಮರ ಕಪ್ಪಾಗಿದೆ ಎಂದು ನೀವು ಅಂದುಕೊಂಡದ್ದು ಬಹುಪಾಲು ಅದೇ. ಎರಡನೆಯ ಸಲಕ್ಕೆ ಕಷಾಯದ ಬಣ್ಣ, ಮೂರನೆಯ ಸಲಕ್ಕೆ ಬೆಲ್ಲದ ಪಾನಕದ ಬಣ್ಣ. ಬಟ್ಟೆ ಬಿಳಿಯಾಗಿ ಬರುವವರೆಗೆ ಮಾಡಿ. ನಿಮ್ಮ ಪತ್ರ ಓದಿದರೆ ಐದಾರು ಸಲವಾದರೂ ಬೇಕಾಗಬಹುದು ಅನ್ನಿಸುತ್ತದೆ. ಅಂಚುಪಟ್ಟಿಯ ಸಂದಿಗೆ ಬ್ರಷ್, ಮೂಲೆಗಳಿಗೆ ಬಿದಿರಿನ ಕಡ್ಡಿ ಬಳಸಿ. ದಬ್ಬಣ, ಸ್ಕ್ರೂಡ್ರೈವರ್ ಮುಟ್ಟಿಸಬೇಡಿ. ಹಿತ್ತಾಳೆಯ ಬೀಗದ ಪಟ್ಟಿಯ ಸುತ್ತ ಮೇಣ ಹಸಿರಾಗಿ ಗಟ್ಟಿಯಾಗಿರುತ್ತದೆ, ಅಲ್ಲಿ ಒದ್ದೆ ಹತ್ತಿಯನ್ನು ಹತ್ತು ನಿಮಿಷ ಇಟ್ಟು ಆಮೇಲೆ ಕೆರೆಯಿರಿ. ಕೆಲಸ ಮುಗಿದ ಮೇಲೆ ಸ್ಟೀಲ್ ವೂಲ್‌ನ ಚೂರುಗಳನ್ನು ಬ್ರಷ್‌ನಿಂದ ತೆಗೆದು, ಆಯಸ್ಕಾಂತವಿದ್ದರೆ ಒಂದು ಸಲ ಮೇಲೆ ಆಡಿಸಿ. ನಿಮ್ಮ ಊರಿನ ತೇವದಲ್ಲಿ ಒಂದು ಚೂರು ಉಳಿದರೂ ತುಕ್ಕಿನ ಚುಕ್ಕೆಯಾಗುತ್ತದೆ.

ಒದ್ದೆ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ನಮ್ಮ ಅಂಗಡಿಯಲ್ಲಿ ಒಮ್ಮೆ ಅಗಸೆ ಎಣ್ಣೆ ಒರೆಸಿದ ಬಟ್ಟೆಗಳ ಮುದ್ದೆ ರಾತ್ರಿ ತಾನಾಗಿಯೇ ಹೊಗೆಯಾಡಿತ್ತು. ಅಪ್ಪನಿಗೆ ಎಚ್ಚರವಾಗದಿದ್ದರೆ ಅಂಗಡಿ ಉಳಿಯುತ್ತಿರಲಿಲ್ಲ. ಹಳೆಯ ಪಾಲಿಶ್‌ಗಳಲ್ಲಿ ಅಗಸೆ ಎಣ್ಣೆ ಬೆರೆಸಿರುವುದೂ ಉಂಟು. ಬಟ್ಟೆಗಳನ್ನು ಅಂಗಳದಲ್ಲಿ ಒಂದೊಂದಾಗಿ ಬಿಡಿಸಿ ಒಣಹಾಕಿ, ಗರಿಗರಿಯಾದ ಮೇಲೆ ಬಿಸಾಡಿ.

ಪಿಯು ಬಳಿದ ಮೂಲೆಯನ್ನು ಕೊನೆಗೆ ನೋಡಿ. ಅದು ಮೇಣದ ಮೇಲೆ ಸಡಿಲವಾಗಿ ಕೂತಿರುವುದರಿಂದ, ಅಂಚಿಗೆ ಟರ್ಪೆಂಟೈನ್ ಸವರಿ ಹಳೆಯ ಎಟಿಎಂ ಕಾರ್ಡ್‌ನಿಂದ ಮೆಲ್ಲಗೆ ಎತ್ತಿದರೆ ಬಂದುಬಿಡುತ್ತದೆ. ಒಣಗದಿದ್ದದ್ದು ಈಗ ನಿಮಗೆ ಅನುಕೂಲವೇ ಆಯಿತು.

ಮೇಣವೆಲ್ಲ ಹೋದ ಮೇಲೆ ಎರಡು ದಿನ ಡೆಸ್ಕನ್ನು ಮುಟ್ಟಬೇಡಿ, ಮಳೆ ಹಿಡಿದಿದ್ದರೆ ನಾಲ್ಕು ದಿನ. ಟರ್ಪೆಂಟೈನ್ ವಾಸನೆ ಪೂರ್ತಿ ಹೋಗಲಿ. ಮೊದಲಿಗೆ ಮೈ ಮಂಕಾಗಿ, ಒಣಗಿ ಕಾಣುತ್ತದೆ, ಗಾಬರಿಯಾಗಬೇಡಿ. ಬೆಳಗಿನ ಹೊತ್ತು ಕಿಟಕಿಯ ಪಕ್ಕ ಇಟ್ಟು ಓರೆಯಾಗಿ ನೋಡಿ. ತೆಳ್ಳನೆಯ ಹೊಳಪು ಇನ್ನೂ ಇದೆ, ಅಲ್ಲಲ್ಲಿ ಮಾತ್ರ ಸವೆದಿದೆ ಎಂದಾದರೆ ಅದು ಹಳೆಯ ಅರಗಿನ ಪಾಲಿಶ್. ಸ್ಪಿರಿಟ್ ಪರೀಕ್ಷೆಯೂ ಅದನ್ನೇ ಹೇಳಿದ್ದರೆ ಅನುಮಾನವೇ ಬೇಡ. ಶಾನುಭೋಗಿಕೆ ನಮ್ಮ ರಾಜ್ಯದಲ್ಲಿ 1960ರ ದಶಕದಲ್ಲಿ ರದ್ದಾಯಿತು. ನಿಮ್ಮ ಡೆಸ್ಕು ಅದಕ್ಕೂ ಹಿಂದಿನದು. ಆ ಕಾಲದ ಒಳ್ಳೆಯ ಮರಗೆಲಸಕ್ಕೆ ಅರಗಿನ ಪಾಲಿಶ್ ಕೊಡುವುದೇ ರೂಢಿ. ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾದ ನಮ್ಮ ಮೈಸೂರಿನ ಕಾರ್ಖಾನೆ ಕೂಡ 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದದ್ದು ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ಎಂಬ ಹೆಸರಿನಲ್ಲಿ. ಲ್ಯಾಕ್ ಎಂದರೆ ಇದೇ ಅರಗು. ಮತದಾರರ ಬೆರಳಿಗೆ ಅದರ ಶಾಯಿ ಬಂದದ್ದು ಆಮೇಲೆ, 1962ರಲ್ಲಿ.

ಅರಗಿನ ಪಾಲಿಶ್ ಸಿಕ್ಕರೆ ಅದನ್ನು ಕೆರೆಯಲೇಬೇಡಿ, ಇದು ನನ್ನ ಕಳಕಳಿಯ ಕೋರಿಕೆ. ಹಳೆಯ ಅರಗಿನ ಮೇಲೆ ಹೊಸ ಅರಗು ಚೆನ್ನಾಗಿ ಬೆಸೆದುಕೊಳ್ಳುತ್ತದೆ. ಒಂದು ಲೀಟರ್ ಪಾಲಿಶ್ ಸ್ಪಿರಿಟ್‌ಗೆ 120 ಗ್ರಾಂ ಅರಗಿನ ಚಕ್ಕೆ ಲೆಕ್ಕ. ನಿಮಗೆ ಕಾಲು ಲೀಟರ್ ಸಾಕು, ಅದಕ್ಕೆ 30 ಗ್ರಾಂ. ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಯಲಿ, ಆಗಾಗ ಅಲುಗಿಸಿ, ಬೆಳಿಗ್ಗೆ ತೆಳುಬಟ್ಟೆಯಲ್ಲಿ ಸೋಸಿ. ಹತ್ತಿಯ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ, ಅದಕ್ಕೆ ಅರಗು ಕುಡಿಸಿ, ನಿಲ್ಲಿಸದೆ ಉದ್ದಕ್ಕೆ ಒಂದೇ ಎಳೆತದಲ್ಲಿ ಎಳೆಯಿರಿ. ಒಂದು ಕೈ ಬಳಿದು, ಅರ್ಧ ಗಂಟೆ ಬಿಟ್ಟು ಇನ್ನೊಂದು ಕೈ. ಉಜ್ಜಿ ಬೆಳ್ಳಗಾದ ಮೂಲೆಗೆ ನಾಲ್ಕೈದು ಕೈ ಹೆಚ್ಚು ಬೇಕಾಗುತ್ತದೆ. ಅರಗು ಬಿದ್ದ ಮೇಲೆ ಆ ಮೂಲೆ ಯಾವ ಬಣ್ಣಕ್ಕೆ ಬರುತ್ತದೆ ಎಂದು ತಿಳಿಯಬೇಕಾದರೆ ಟರ್ಪೆಂಟೈನ್ ಸವರಿ ಒದ್ದೆಯಾಗಿರುವಾಗ ನೋಡಿ, ಹೆಚ್ಚುಕಡಿಮೆ ಅದೇ ಬಣ್ಣ. ಮೇಣ ತೆಗೆಯುವ ಕೆಲಸವನ್ನು ಈಗಲೇ ಮಾಡಿ, ಆದರೆ ಅರಗು ಹಚ್ಚುವುದನ್ನು ಮಳೆ ನಿಂತ ಮೇಲೆ ಇಟ್ಟುಕೊಳ್ಳಿ. ಜಡಿಮಳೆಯ ದಿನ ಹಚ್ಚಿದರೆ ಗಾಳಿಯ ತೇವ ಹೀರಿ ಬೆಳ್ಳಗೆ ಮಂಜು ಕಟ್ಟುತ್ತದೆ. ದೀಪಾವಳಿಯ ಹೊತ್ತು ಸರಿಯಾಗುತ್ತದೆ.

ಪಿಯು ಬೇಕೇ ಬೇಕು ಎಂದರೆ ನಡುವೆ ಮೇಣವಿಲ್ಲದ ಅರಗಿನ ಒಂದು ಪದರ ಕೊಡಲೇಬೇಕು. ಅರಗಿನಲ್ಲೂ ಸಹಜವಾಗಿ ಸ್ವಲ್ಪ ಮೇಣವಿರುತ್ತದೆ. ಕರಗಿಸಿಟ್ಟ ಬಾಟಲಿಯನ್ನು ಕೆಲವು ದಿನ ಅಲುಗಿಸದೆ ಇಟ್ಟರೆ ತಳದಲ್ಲಿ ಮಬ್ಬಾಗಿ ನಿಲ್ಲುವುದು ಅದೇ, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಆದರೆ ನನ್ನನ್ನು ಕೇಳಿದರೆ ಈ ಡೆಸ್ಕಿಗೆ ಪಿಯು ಬೇಡ. ಅದು ಊಟದ ಮೇಜಿಗೆ ಸರಿ. ನಾಳೆ ಗೀರು ಬಿದ್ದರೆ ಅರಗನ್ನು ಆ ಜಾಗದಲ್ಲಷ್ಟೇ ತಿದ್ದಬಹುದು. ಪಿಯು ಆದರೆ ಪೂರ್ತಿ ಕೆರೆಯಬೇಕು.

ಶಾಯಿಯ ಕಲೆ ತೆಗೆಯಲು ಆಕ್ಸಾಲಿಕ್ ಆಮ್ಲ ಹಾಕಿ ಎಂದು ಯಾರಾದರೂ ಹೇಳಿಯಾರು. ಅದು ವಿಷ. ಕಲೆಯ ಜೊತೆ ಸುತ್ತಲಿನ ಮರದ ಬಣ್ಣವನ್ನೂ ತಿಳಿಯಾಗಿಸುತ್ತದೆ, ಮೇಲಿನ ಪಾಲಿಶ್ ತೆಗೆಯದೆ ಅದು ಒಳಗಿಳಿಯುವುದೂ ಇಲ್ಲ. ಆ ಕಲೆಗಳು ಬಲಗೈ ಕಡೆಗೇ ಹೆಚ್ಚಾಗಿವೆಯೇ ನೋಡಿ. ಹಾಗಿದ್ದರೆ ಅಲ್ಲಿ ಅಜ್ಜನ ದೌತಿ ಇರುತ್ತಿತ್ತು. ನಾನಾಗಿದ್ದರೆ ಅವುಗಳ ಮೇಲೆಯೇ ಅರಗು ಎಳೆದು ಉಳಿಸಿಕೊಳ್ಳುತ್ತಿದ್ದೆ.

ಪ್ರಶ್ನೆ: ಕೊರೊನಾ ಕಾಲದಲ್ಲಿ ಬಾಗಿಲ ಪಕ್ಕದ ಹಳೆಯ ತೇಗದ ಸ್ಟ್ಯಾಂಡ್ ಮೇಲೆ ಸ್ಯಾನಿಟೈಸರ್ ಬಾಟಲಿ ಇಟ್ಟಿದ್ದೆವು. ಹನಿ ಬಿದ್ದ ಕಡೆಯೆಲ್ಲ ಬಿಳಿ ಮಚ್ಚೆಗಳಾಗಿವೆ. ಮೇಲಿನ ಮೇಣ ತೆಗೆದರೆ ಹೋಗುತ್ತವೆಯೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಇಲ್ಲ, ಮಚ್ಚೆ ಇರುವುದು ಮೇಣದ ಕೆಳಗಿನ ಅರಗಿನಲ್ಲಿ. ಸ್ಯಾನಿಟೈಸರ್‌ನಲ್ಲಿ ಹೆಚ್ಚಿನದು ಆಲ್ಕೋಹಾಲ್, ಉಳಿದದ್ದು ನೀರು. ಒಂದು ಅರಗನ್ನು ಕರಗಿಸಿತು, ಇನ್ನೊಂದು ಅದರೊಳಗೆ ತೇವ ಬಿಟ್ಟಿತು. 2020, 2021ರಲ್ಲಿ ನನ್ನ ಅಂಗಡಿಗೆ ಇಂಥ ಮೇಜು, ಸ್ಟ್ಯಾಂಡುಗಳು ಸಾಲುಸಾಲಾಗಿ ಬಂದವು. ಆದರೂ ಮೊದಲು ಮೇಲೆ ಹೇಳಿದಂತೆ ಟರ್ಪೆಂಟೈನ್‌ನಿಂದ ಮೇಣ ತೆಗೆಯಲೇಬೇಕು, ಇಲ್ಲದಿದ್ದರೆ ತಿದ್ದುವ ಅರಗು ಕೂರುವುದಿಲ್ಲ. ಮೈ ಒಣಗಿದ ಮೇಲೆ ಹತ್ತಿಯ ಉಂಡೆಗೆ ಸ್ಪಿರಿಟ್ ಹಾಕಿ, ಕೈಮೇಲೆ ಒತ್ತಿದರೆ ತಣ್ಣಗಾಗಬೇಕೇ ಹೊರತು ಒದ್ದೆಯಾಗಬಾರದು, ಅಷ್ಟೇ ಪಸೆ ಇರುವಾಗ ಮಚ್ಚೆಯ ಮೇಲೆ ಗಾಳಿ ಬೀಸಿದಂತೆ ಸವರಿಕೊಂಡು ಹೋಗಿ. ಒಂದೇ ಜಾಗದಲ್ಲಿ ನಿಲ್ಲಿಸಿದರೆ ಪಾಲಿಶ್ ಕಿತ್ತುಬರುತ್ತದೆ. ಮಚ್ಚೆ ಮಾಸಿದ ಮೇಲೆ ಎರಡು ಕೈ ಅರಗು ಎಳೆಯಿರಿ. ಚನ್ನಪಟ್ಟಣದ ಬೊಂಬೆ ಮನೆಯಲ್ಲಿದ್ದರೆ ಅದರ ಹತ್ತಿರವೂ ಸ್ಯಾನಿಟೈಸರ್ ಇಡಬೇಡಿ, ಅದರ ಬಣ್ಣವೂ ಅರಗಿನದೇ.

ಪ್ರಶ್ನೆ: ಕರೆಂಟ್ ಹೋದಾಗ ಹಚ್ಚಿಟ್ಟ ಮೇಣದಬತ್ತಿ ಕರಗಿ ಮೇಜಿನ ಮೇಲೆ ಗಟ್ಟಿಯಾಗಿದೆ. ಮೇಲೆ ಕಾಗದ ಹಾಸಿ ಇಸ್ತ್ರಿಪೆಟ್ಟಿಗೆ ಇಟ್ಟರೆ ಕಾಗದಕ್ಕೆ ಹತ್ತುತ್ತದೆ ಎನ್ನುತ್ತಾರೆ, ಮಾಡಬಹುದೇ?
— ಬೆಂಗಳೂರಿನ ಓದುಗರು

ಉತ್ತರ: ಬಟ್ಟೆಯ ಮೇಲೆ ಬಿದ್ದಿದ್ದರೆ ಮಾಡಬಹುದಿತ್ತು. ಮರದ ಮೇಲೆ ಬೇಡ, ಇಸ್ತ್ರಿಯ ಬಿಸಿಗೆ ಪಾಲಿಶ್ ಮೆತ್ತಗಾಗಿ ಕಾಗದದ ಅಚ್ಚು ಮೂಡುತ್ತದೆ. ಮಂಜುಗಡ್ಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಐದು ನಿಮಿಷ ಮೇಣದ ಮೇಲಿಡಿ. ನೀರು ಮರಕ್ಕೆ ತಾಗಬಾರದು. ಮೇಣ ಪೆಡಸಾದ ಮೇಲೆ ಹಳೆಯ ಕಾರ್ಡ್‌ನ ಅಂಚಿನಿಂದ ಒತ್ತಿ, ಬಿಲ್ಲೆಯಾಗಿ ಎದ್ದುಬರುತ್ತದೆ. ಉಳಿದ ಜಿಡ್ಡನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ.

ಪ್ರಶ್ನೆ: ನಮ್ಮದು ಕೆಂಪು ರೆಡ್ ಆಕ್ಸೈಡ್ ನೆಲದ ಮನೆ. ವರ್ಷಗಟ್ಟಲೆ ನೆಲಕ್ಕೆ ಕೆಂಪು ಮ್ಯಾನ್ಷನ್ ಪಾಲಿಶ್ ಹಚ್ಚಿದ್ದರಿಂದ ತೇಗದ ಕಂಬಗಳ ಬುಡ ಒಂದು ಗೇಣಿನಷ್ಟು ಕೆಂಪಾಗಿದೆ. ಕಂಬಗಳಿಗೆ ಹೊಸ ವಾರ್ನಿಷ್ ಹೊಡೆಸಬೇಕು.
— ಶಿರಸಿಯ ಓದುಗರು

ಉತ್ತರ: ಅದೂ ಮೇಣವೇ, ಬಣ್ಣ ಬೆರೆಸಿದ ಮೇಣ. ಆದ್ದರಿಂದ ಬಣ್ಣ ಮೇಲಕ್ಕೆ ಹರಡದಂತೆ ಒರೆಸುವ ಕೈ ಯಾವಾಗಲೂ ಮೇಲಿನಿಂದ ಕೆಳಕ್ಕೇ ಬರಬೇಕು. ಕೆಂಪಿರುವಲ್ಲಿಂದ ನಾಲ್ಕು ಬೆರಳು ಮೇಲಿನಿಂದ ಶುರುಮಾಡಿ, ಏಕೆಂದರೆ ಬಣ್ಣ ಕಾಣದ ಕಡೆಯೂ ಮೇಣ ಹತ್ತಿರುತ್ತದೆ, ವಾರ್ನಿಷ್ ಮೊದಲು ಏಳುವುದು ಅಲ್ಲಿಯೇ. ಟರ್ಪೆಂಟೈನ್ ಸುರಿದು ನೆಲದ ಹೊಳಪು ಹೋಗದಿರಲು ಕಂಬದ ಸುತ್ತ ಹಳೆಯ ಗೋಣಿಚೀಲ ಹಾಸಿಕೊಳ್ಳಿ. ಬುಡದಲ್ಲಿ ಕಡಿದ ತುದಿಯ ಎಳೆಗಳು ಬಾಯ್ತೆರೆದು ನಿಂತಿರುತ್ತವೆ, ಅಲ್ಲಿ ಮೇಣ ಆಳಕ್ಕೆ ಇಳಿದಿರುವುದರಿಂದ ಕೊನೆಯ ಎರಡು ಬೆರಳಿನ ಜಾಗಕ್ಕೆ ಉಳಿದೆಲ್ಲದರ ಎರಡರಷ್ಟು ಸಲ ಒರೆಸಬೇಕಾದೀತು. ಹಿಂದಿನ ದಿನ ಒರೆಸಿದ ಜಾಗವನ್ನು ಮರುದಿನ ಹೊಸ ಬಿಳಿ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ ನೋಡಿ. ಗುಲಾಬಿ ಬಣ್ಣ ಸ್ವಲ್ಪವಾದರೂ ಕಂಡರೆ ವಾರ್ನಿಷ್‌ನವರಿಗೆ ಇನ್ನೆರಡು ದಿನ ತಡೆದು ಬರಲು ಹೇಳಿ.